ಮೂಲನಗರವೂ ಶಾಖಾನಗರವೂ

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದವರಿಗೆ ಪುರವರ್ಗದ ಮೊದಲ ಪದಗಳು ಮರೆಯತಕ್ಕವಲ್ಲ. ಪುರಿ, ನಗರಿ, ಪತ್ತನ, ಪುಟಭೇದನ, ಸ್ಥಾನೀಯ, ನಿಗಮ ಎಂದು ಪಟ್ಟಣದ ಹೆಸರುಗಳನ್ನೆಲ್ಲ ಹೇಳಿ, ಒಡನೆಯೇ ಅಮರಸಿಂಹನು ಮೂಲನಗರಕ್ಕಿಂತ ಬೇರೆಯಾದ ಪುರಕ್ಕೆ ಶಾಖಾನಗರವೆಂಬ ಹೆಸರನ್ನು ಕೊಡುತ್ತಾನೆ. ಮರಕ್ಕೆ ಕೊಂಬೆ ಹೇಗೋ ಪಟ್ಟಣಕ್ಕೆ ಈ ಊರು ಹಾಗೆ ಎಂದು ನಮ್ಮ ಗುರುಗಳು ಅರ್ಥ ಹೇಳಿದ್ದರು. ಕೊಂಬೆಯೇ ಬೇರು ಬಿಟ್ಟು ಮರವಾಗಿ, ಮರವು ಅದರ ಕೊಂಬೆಯಾಗಿ ಉಳಿದರೆ ಅದಕ್ಕೆ ಏನು ಹೆಸರು ಎಂಬುದನ್ನು ಅವರೂ ಹೇಳಲಿಲ್ಲ, ಕೋಶಕಾರನೂ ಹೇಳಲಿಲ್ಲ. ಉದಾಹರಣೆ ಮಾತ್ರ ನಮ್ಮ ಜಿಲ್ಲೆಯಲ್ಲಿಯೇ ಇದೆ.

ಲೂಯಿ ರೈಸ್ ಮಹಾಶಯನು ಪರಿಷ್ಕರಿಸಿ 1897ರಲ್ಲಿ ಹೊರತಂದ ಮೈಸೂರು ಗ್ಯಾಜೆಟಿಯರಿನಲ್ಲಿ ದಾವಣಗೆರೆಯು ಮೊದಲು ಹೆಸರಿಲ್ಲದೊಂದು ಹಳ್ಳಿಯಾಗಿ, ಬೇತೂರಿನ ಹೊರವಲಯದಲ್ಲಿದ್ದ ಊರುಗಳಲ್ಲಿ ಒಂದಾಗಿದ್ದಿತೆಂದು ಹೇಳಿದೆ. ಇಂದು ದಾವಣಗೆರೆಯಲ್ಲಿ ವಾಸಿಸುವವರಿಗೆ ಬೇತೂರೆಂದರೆ ಒಂದು ರಸ್ತೆಯ ಹೆಸರು. ಆ ರಸ್ತೆಯ ಕೊನೆಗೆ ನಿಜವಾಗಿಯೂ ಒಂದು ಊರಿದೆಯೆಂಬುದನ್ನು ಬಲ್ಲ ಶಾಲಾ ಬಾಲಕರು ಬಹಳ ಮಂದಿಯಿಲ್ಲ. ಆದರೆ 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಅಧಿಕಾರಿಗಳು ಈ ಸೀಮೆಯನ್ನು ಆಳುತ್ತಿದ್ದುದು ಬೇತೂರಿನಿಂದಲೇ. ಆಗ ಅದು ರಾಜಧಾನಿಯೆನ್ನಿಸಿಕೊಂಡ ಊರು. ನಾನು ಅಲ್ಲಿಗೆ ಹೋದಾಗಲೆಲ್ಲ ಹಳೆಯ ಕಲ್ಲುಗಳ ಮುಂದೆ ನಿಂತು, ಬೇತೂರಿನವರು ತಮ್ಮ ಮಗಳನ್ನು ದಾವಣಗೆರೆಗೆ ಕೊಡಲು ಒಂದು ಕಾಲದಲ್ಲಿ ಹಿಂದುಮುಂದು ನೋಡುತ್ತಿದ್ದಿರಬೇಕೆಂದು ಯೋಚಿಸಿದ್ದುಂಟು.

ಹಳ್ಳಿಯು ಪಟ್ಟಣವಾದ ಬಗೆಯನ್ನು ರೈಸ್ ಸಂಕ್ಷೇಪವಾಗಿ ತಿಳಿಸಿದ್ದಾನೆ. ಹೈದರಾಲಿಯು ದಾವಣಗೆರೆಯನ್ನು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿ ರಾಮನು ವರ್ತಕರಿಗೆ ಆಶ್ರಯವಿತ್ತು ಅಲ್ಲಿ ನೆಲೆಗೊಳ್ಳುವಂತೆ ಮಾಡಿದನು. ಊರಿಗೆ ಹೆಸರು ಬಂದುದು ದನಕರುಗಳನ್ನು ದಾವಣಿಗೆ ಕಟ್ಟುತ್ತಿದ್ದ ಕೆರೆಯಿಂದೆಂದು ಕೆಲವರು, ದಾಹವನ್ನು ತಣಿಸಿದ ಕೆರೆಯಿಂದೆಂದು ಕೆಲವರು ಹೇಳುವರು. ವ್ಯುತ್ಪತ್ತಿಯನ್ನು ಜಗ್ಗಿ ಎಳೆಯುವುದು ನಮ್ಮ ಪಂಡಿತವರ್ಗದ ಹಳೆಯ ಚಪಲ. ನಾನು ಅದಕ್ಕೆ ಕೈಹಾಕುವುದಿಲ್ಲ. ಎರಡರಲ್ಲಿ ಯಾವುದು ನಿಜವಾದರೂ ಎತ್ತುಗಳು ಬಂದು ನೀರು ಕುಡಿದು ನಿಲ್ಲುತ್ತಿದ್ದ ಸ್ಥಳವೆಂಬುದು ಉಳಿಯುತ್ತದೆ.

ಆ ಎತ್ತುಗಳು ಹೊತ್ತು ತಂದುದೇ ದಾವಣಗೆರೆಯ ಮೊದಲ ಬಂಡವಾಳ. ಸಾಗರ, ನಗರ ಸೀಮೆಗಳ ಅಡಕೆಯೂ ಮೆಣಸೂ ಇಲ್ಲಿಗೆ ಬಂದು, ಇಲ್ಲಿಂದ ಉತ್ತರ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿದ್ದುವು. ಅಲ್ಲಿಂದ ಮರಳುವಾಗ ಉಪ್ಪು ಮತ್ತು ಮದರಾಸಿನ ರೇವಿನಲ್ಲಿ ಇಳಿದ ಸರಕು ಬರುತ್ತಿದ್ದುವು. ಈ ಸೀಮೆಯ ಕುರುಬರು ನೇಯ್ದ ಕಂಬಳಿಗೆ ದೂರದೂರುಗಳಲ್ಲಿ ಗಿರಾಕಿಯಿದ್ದಿತು. ಮೂಟೆಯನ್ನು ಬಿಚ್ಚುವ ಸ್ಥಳವಾದುದರಿಂದ ಪುಟಭೇದನ ಎಂದು ಟೀಕಾಕಾರರು ಮಾಡುವ ಅರ್ಥವನ್ನು ನಾನು ದಾವಣಗೆರೆಯ ಚೌಕಿಪೇಟೆಯಲ್ಲಿ ನಿಂತು ವಿದ್ಯಾರ್ಥಿಗಳಿಗೆ ತೋರಿಸಬಲ್ಲವನಾಗಿದ್ದೆನು. ಹಲಗೆಯ ಮೇಲೆ ಬರೆಯುವುದಕ್ಕಿಂತ ಅದು ಸುಲಭ.

ಇಷ್ಟನ್ನು ಹೇಳಿದುದೇಕೆಂದರೆ, ದಾವಣಗೆರೆಯನ್ನು ರೈಲು ಮಾಡಿತೆಂಬುದು ಎಲ್ಲರ ಬಾಯಲ್ಲಿಯೂ ಇರುವ ಮಾತು. ಪೇಟೆ ಮೊದಲು ಬಂದಿತು, ಕಂಬಿ ಅನಂತರ ಬಂದಿತು. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನರು ಲಕ್ಷಗಟ್ಟಲೆಯಾಗಿ ಸತ್ತರು. ಮದರಾಸಿನ ಕಡೆಯ ರೈಲು 1864ರಲ್ಲಿಯೇ ಬೆಂಗಳೂರನ್ನು ಮುಟ್ಟಿದ್ದರೂ ಅಲ್ಲಿಂದ ಒಳನಾಡಿಗೆ ಕಂಬಿಯಿರಲಿಲ್ಲ. ಎತ್ತುಗಳೇ ಮೇವಿಲ್ಲದೆ ಸಾಯುತ್ತಿರುವಾಗ ಧಾನ್ಯದ ಬಂಡಿಯನ್ನು ಎಳೆಯುವವರಾರು? ಈ ಪಾಠವನ್ನು ಕಲಿತ ಮೇಲೆ ಸಂಸ್ಥಾನವು ಒಳನಾಡಿನ ರೈಲುದಾರಿಗೆ ಕೈಹಾಕಿತು. 1882ರ ಹೊತ್ತಿಗೆ ಬೆಂಗಳೂರು ಮೈಸೂರುಗಳು ಕೂಡಿದುವು. 1884ರಲ್ಲಿ ದಾರಿಯು ಗುಬ್ಬಿಯನ್ನು ಮುಟ್ಟಿತು. 1886ರಲ್ಲಿ ಸದರನ್ ಮರಾಠಾ ಕಂಪೆನಿಯು ಕೆಲಸವನ್ನು ವಹಿಸಿಕೊಂಡು 1889ರಲ್ಲಿ ಹರಿಹರದ ವರೆಗೆ ಕಂಬಿಯನ್ನು ಹಾಸಿತು. ಹೀಗೆ ಸಾಸಲು, ಮಾಯಕೊಂಡ, ಕೊಡಗನೂರು, ತೋಳಹುಣಸೆಗಳ ಮಾರ್ಗವಾಗಿ ಉಗಿಬಂಡಿಯು ದಾವಣಗೆರೆಗೆ ಬಂದಿತು. ಸಂಸ್ಕೃತದ ವಿದ್ವಾಂಸರು ಅದನ್ನು ಧೂಮಶಕಟವೆಂದು ಕರೆದು ತೃಪ್ತರಾದರು. ನಮ್ಮ ಅಜ್ಜ ಅದನ್ನು ಕಡೆಯವರೆಗೂ ಹೊಗೆಬಂಡಿಯೆಂದೇ ಕರೆದರು. ನಿಲ್ದಾಣವು ಅವರಿಗೆ ಟೇಸನ್ನು.

ಅಜ್ಜನವರು ಚನ್ನಗಿರಿಯ ಕಡೆಯಿಂದ ಅಡಕೆಯ ಮೂಟೆಗಳನ್ನು ಬಂಡಿಯಲ್ಲಿ ಹೇರಿಕೊಂಡು ದಾವಣಗೆರೆಯ ಗೂಡ್ಸ್ ಷೆಡ್ಡಿಗೆ ಬರುತ್ತಿದ್ದರು. ದಾರಿಯಲ್ಲಿ ಎರಡು ರಾತ್ರಿ ತಂಗಬೇಕು. ಬಂದ ಮೇಲೆ ವ್ಯಾಗನ್ನು ಸಿಕ್ಕುವ ತನಕ ಒಮ್ಮೊಮ್ಮೆ ಮೂರು ನಾಲ್ಕು ದಿನ ದಲಾಲರ ಅಂಗಡಿಯ ಜಗಲಿಯ ಮೇಲೆ ಕಾಯಬೇಕು. ಆ ಕಾಯುವ ದಿನಗಳಲ್ಲಿ ಅವರು ಮಾಡಿಕೊಂಡ ಸ್ನೇಹಗಳೇ ಮುಂದೆ ನಮ್ಮ ಮನೆಯ ಎರಡು ಮದುವೆಗಳಿಗೆ ಮೂಲವಾದುವು. ಅವುಗಳಲ್ಲಿ ಒಂದು ನನ್ನದು.

ಕಂಬಿ ಬಂದ ಮೇಲೆ ಬೇತೂರಿಗೆ ಆದುದನ್ನು ಹೇಳಿದೆನು. ಅದರಷ್ಟು ಹಳೆಯದಲ್ಲದಿದ್ದರೂ ಅದೇ ಬಗೆಯ ಸಂಗತಿಯೊಂದು ನ್ಯಾಮತಿಯಲ್ಲಿದೆ. ನ್ಯಾಮತಿಯೂ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಮೂಟೆ ಬಿಚ್ಚುವ ಊರಾಗಿದ್ದಿತು. ಮಲೆನಾಡಿನ ಪದಾರ್ಥ ಅಲ್ಲಿಗೆ ಇಳಿಯುತ್ತಿದ್ದಿತು, ಬಯಲಿನ ಧಾನ್ಯ ಅಲ್ಲಿಗೆ ಏರುತ್ತಿದ್ದಿತು. ಆದರೆ 1889ರಲ್ಲಿ ಒಂದು ಕಂಬಿ ಅದರ ಪೂರ್ವಕ್ಕೆ ದೂರವಾಗಿ ಹಾದುಹೋಯಿತು; 1899ರಲ್ಲಿ ಬೀರೂರಿನಿಂದ ಹೊರಟ ಮತ್ತೊಂದು ಕಂಬಿ ಶಿವಮೊಗ್ಗದಲ್ಲಿಯೇ ನಿಂತಿತು. ನ್ಯಾಮತಿಯ ವರ್ತಕರು ದಾವಣಗೆರೆಯವರಿಗಿಂತ ಬುದ್ಧಿಯಲ್ಲಿ ಕಡಮೆಯವರಾಗಿದ್ದರೆಂದು ನಾನು ನಂಬುವುದಿಲ್ಲ. ಅವರ ಪೇಟೆಯ ಬಳಿಗೆ ಗೂಡ್ಸ್ ಷೆಡ್ಡು ಬರಲಿಲ್ಲ, ಅಷ್ಟೇ. ಇಂದು ಅದು ತಾಲ್ಲೂಕಿನ ಕೇಂದ್ರವಾಗಿರುವುದು ಸಂತೋಷವೇ. ಆದರೂ ಪೇಟೆಗೆ ತಾಲ್ಲೂಕು ಕಚೇರಿಯು ಪ್ರತಿಯಾಗಲಾರದು.

ಇನ್ನು ಕಂಬಿಯೊಡನೆ ಬಂದ ಜನರ ವಿಷಯ. ದಾವಣಗೆರೆಯ ನಿಲ್ದಾಣದ ಸುತ್ತ ಬೆಳೆದ ಕೇರಿಗಳನ್ನು ಹಳೆಯ ಊರಿನವರು ಬಹುಕಾಲ ಊರೆಂದೇ ಎಣಿಸುತ್ತಿರಲಿಲ್ಲವಂತೆ. ಅಡಕೆ, ಹತ್ತಿ, ಧಾನ್ಯಗಳ ದಲಾಲಿಯನ್ನು ಹಿಡಿದ ಲಿಂಗವಂತ ವರ್ತಕರೂ, ಆಪೋಜಿ ರಾಮನ ಕಾಲದಿಂದ ಇದ್ದ ಮರಾಠರೂ, ಬಟ್ಟೆಯ ಅಂಗಡಿಗಳನ್ನಿಟ್ಟ ವೈಶ್ಯರೂ ಪೇಟೆಯ ಒಳಗಿನವರು. ಷೆಡ್ಡಿನಲ್ಲಿ ಮೂಟೆ ಹೊರುವ ಹಮಾಲರು, ಜಟಕಾದವರು, ತಮಿಳು ತೆಲುಗುಗಳನ್ನಾಡುವ ರೈಲ್ವೆ ನೌಕರರು, ಬಗಲಲ್ಲಿ ಸುತ್ತಿಗೆಯಿಟ್ಟುಕೊಂಡು ಕಂಬಿಯ ಮೇಲೆ ನಡೆಯುವ ಗ್ಯಾಂಗ್‌ಮನ್‌ಗಳು ಇವರೆಲ್ಲ ಹೊರಗಿನವರು. ಮಂಡಕ್ಕಿಯ ಭಟ್ಟಿಗಳು ಎದ್ದುವು; ಅವುಗಳ ಹೊಗೆಯಲ್ಲಿ ದುಡಿದವರಲ್ಲಿ ಮುಸಲ್ಮಾನ ಕುಟುಂಬಗಳೇ ಹೆಚ್ಚು. ರಾತ್ರಿ ರೈಲಿನಿಂದಿಳಿದವನು ಕಾಗದದ ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಆ ಭಟ್ಟಿಯ ಮುಂದೆ ಕುಳಿತವರ ಕಣ್ಣುಗಳನ್ನು ನೆನೆಯುವುದು ಅಪೂರ್ವ.

ಆಮೇಲೆ ಬಂದುವು ಹತ್ತಿಯ ಗಿರಣಿಗಳು. ಎರೆನೆಲದ ಹತ್ತಿ ಬಳಿಯಲ್ಲಿತ್ತು, ಸಾಗಿಸಲು ಕಂಬಿಯಿತ್ತು, ಹಣ ಹಾಕಲು ವರ್ತಕರಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವ ರೂಢಿ ಹುಟ್ಟಿದುದು ಆ ದಿನಗಳಲ್ಲಿ. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಗಿರಣಿಯ ಬಾಗಿಲಲ್ಲಿ ಆ ಸೀಮೆಯವರ ಸಾಲು ನಿಲ್ಲುತ್ತಿದ್ದಿತೆಂದು ಹಿರಿಯರು ಹೇಳುತ್ತಿದ್ದರು. ಪಾಳಿಯ ಶಂಖವು ಊರಿನ ಗಡಿಯಾರವಾಯಿತು. ಗಿರಣಿ ಕಾರ್ಮಿಕರ ನಾಯಕರಾಗಿದ್ದ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಬಾರಿ ಈ ಪಟ್ಟಣವು ಕಮ್ಯೂನಿಸ್ಟ್ ಪಕ್ಷದಿಂದ ಶಾಸನಸಭೆಗೆ ಕಳುಹಿಸಿತು. ಅವರ ಪಕ್ಷದ ಮಾತು ನನಗೆ ಎಂದೂ ಪೂರ್ತಿಯಾಗಿ ರುಚಿಸಿದುದಲ್ಲ. ಆದರೆ ವರ್ತಕರ ಪಟ್ಟಣವು ಮೂರು ಸಲ ಕೂಲಿಗಾರರ ನಾಯಕನನ್ನು ಆರಿಸಿತೆಂದರೆ, ಊರೆಂದು ಎಣಿಸದಿದ್ದ ಕೇರಿಗಳೇ ಅಷ್ಟುಹೊತ್ತಿಗೆ ಊರಾಗಿದ್ದುವೆಂಬುದು ಸ್ಪಷ್ಟ. ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಶಂಖ ನಿಂತಿತು. ಕೇರಿಗಳು ಮಾತ್ರ ಉಳಿದುವು.

ಹರಿಹರದಲ್ಲಿಯೂ ಇಂಥದೇ ಒಂದು ಕಥೆಯುಂಟು. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವರು ತಮ್ಮ ವಸತಿಗೆ ಯಂತ್ರಪುರವೆಂದು ಸಂಸ್ಕೃತದಲ್ಲಿ ಹೆಸರಿಟ್ಟರು. 1224ರ ಸುಮಾರಿನಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರನ ಗುಡಿ ಒಂದು ಕಡೆ, ಯಂತ್ರಗಳ ಪುರ ಇನ್ನೊಂದು ಕಡೆ. ಪುರವು ಮುಚ್ಚಿತು, ಗುಡಿಯು ತೆರೆದೇ ಇದೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಾನು ಹೇಳಬೇಕಾದುದು ತೋಳಹುಣಸೆಯ ವಿಷಯ.

ದಾವಣಗೆರೆಯಿಂದ ಬೆಂಗಳೂರಿನ ಕಡೆಗೆ ಹೊರಟರೆ ಮೊದಲು ಸಿಕ್ಕುವ ನಿಲ್ದಾಣ ಇದು. ಹೆಸರಿನಲ್ಲಿ ತೋಳವೂ ಇದೆ, ಹುಣಸೆಯೂ ಇದೆ. ತೋಳವನ್ನು ನಾನು ಕಂಡಿಲ್ಲ. ಪಟ್ಟಣದ ಗಿರಣಿಗಳ ಕಾಲದಲ್ಲಿ ಯಲ್ಲಮ್ಮ ಕಾಟನ್ ಮಿಲ್ಲು ಇಲ್ಲಿ ನೆಲೆಸಿದ್ದಿತು. ನಷ್ಟದಲ್ಲಿದ್ದ ಗಿರಣಿಗಳನ್ನು ಕೇಂದ್ರಸರ್ಕಾರವು ವಶಪಡಿಸಿಕೊಂಡ 1974ರ ಕಾಯಿದೆಯ ಪಟ್ಟಿಯಲ್ಲಿ ಅದೂ ಸೇರಿತು. ಗಿರಣಿಯು ಹೋದ ಮೇಲೆ ವಿದ್ಯೆಯು ಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆಗೇ ಒಂದು ವಿಶ್ವವಿದ್ಯಾನಿಲಯವಾಯಿತು. ಅದರ ಆವರಣಕ್ಕೆ ಶಿವಗಂಗೋತ್ರಿಯೆಂದು ಹೆಸರು. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಕ್ಕಳು ಎಂ.ಎ. ಓದಲು ಇಂದು ಹೋಗುವುದು ಈ ಹಳ್ಳಿಯ ಎಲ್ಲೆಗೆ. ನನ್ನ ಶಿಷ್ಯರಲ್ಲಿ ಕೆಲವರು ಅಲ್ಲಿ ಓದಿದರು, ಒಬ್ಬನು ಅಲ್ಲಿಯೇ ಪಾಠ ಹೇಳುತ್ತಾನೆ.

1990ರ ದಶಕದಲ್ಲಿ ಸಣ್ಣ ಕಂಬಿಯನ್ನು ಕಿತ್ತು ದೊಡ್ಡ ಕಂಬಿಯನ್ನು ಹಾಕಿದರು. ಅನಂತರ ಜೋಡಿದಾರಿಯಾಯಿತು, ಮೇಲೆ ವಿದ್ಯುತ್ತಿನ ತಂತಿ ಬಂದಿತು. 2023ರ ಜೂನ್ ತಿಂಗಳಿನಿಂದ ಬೆಂಗಳೂರು ಧಾರವಾಡಗಳ ನಡುವೆ ಓಡುವ ವಂದೇ ಭಾರತ್ ಗಾಡಿಯು ತೋಳಹುಣಸೆಯನ್ನು ಹೆಸರು ಓದುವುದಕ್ಕೂ ಬಿಡದೆ ದಾಟಿಹೋಗುತ್ತದೆ. ಅದು ನಿಲ್ಲುವುದು ದಾವಣಗೆರೆಯಲ್ಲಿ. ಒಂದು ಕಾಲದಲ್ಲಿ ನಿಂತುಹೋಗುವ ಗಾಡಿಯಿದ್ದುದರಿಂದ ದೊಡ್ಡದಾಗುತ್ತಿದ್ದ ಊರು ಈಗ ಗಾಡಿ ನಿಲ್ಲದಿದ್ದರೂ ದೊಡ್ಡದಾಗುತ್ತಿದೆ. ಏಕೆಂದರೆ ಪಟ್ಟಣವೇ ಅದರ ಕಡೆಗೆ ಬರುತ್ತಿದೆ. ಕಂಬಿಯ ಪಕ್ಕದ ಹೊಲಗಳಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದು ಬಡಾವಣೆಗಳೆಂದು ಫಲಕ ಹಾಕುತ್ತಾರೆ. ಬಡಾವಣೆಗಳಿಗೆ ದೇವರುಗಳ ಹೆಸರೋ ಸ್ವಾಮಿಗಳ ಹೆಸರೋ ಇರುತ್ತದೆ. ಹೊಲಕ್ಕೆ ಹಿಂದೆ ಇದ್ದ ಹೆಸರು ಇರುವುದಿಲ್ಲ.

ಇಲ್ಲಿ ನನಗೆ ಪರಿಚಿತನಾದ ನಿವೃತ್ತ ಗ್ಯಾಂಗ್‌ಮನ್ ಒಬ್ಬನಿದ್ದಾನೆ. ಊರು ಎಷ್ಟು ಬೆಳೆದಿತೆಂದು ನಾನು ಒಮ್ಮೆ ಅಚ್ಚರಿಪಟ್ಟಾಗ ಅವನು, “ಮೇಷ್ಟ್ರೇ, ನಾನು ಮೂವತ್ತು ವರ್ಷ ಈ ಕಂಬಿ ಮ್ಯಾಗೆ ನಡೆದೀನಿ. ಕಂಬಿ ಎಲ್ಲಿತ್ತೋ ಅಲ್ಲೇ ಐತೆ. ಪ್ಯಾಟಿನೇ ನಡಕಂಡು ಬಂದೈತೆ” ಎಂದನು. ಅವನ ಮೊಮ್ಮಗಳು ಶಿವಗಂಗೋತ್ರಿಯಲ್ಲಿ ಓದುತ್ತಾಳೆ. ಆ ಮಾತನ್ನು ಹೇಳುವಾಗ ಅವನು ದುಃಖದಿಂದಿದ್ದನೋ ಹೆಮ್ಮೆಯಿಂದಿದ್ದನೋ ನನಗೆ ಗೊತ್ತಾಗಲಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಕೇಂದ್ರಗಳಲ್ಲಿ ಯಾವುದಕ್ಕೂ ಇದುವರೆಗೆ ರೈಲು ನಿಲ್ದಾಣವಿಲ್ಲ. ಜಿಲ್ಲೆಯನ್ನು 1997ರಲ್ಲಿ ರಚಿಸಿದ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ. ಅವರೂ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಬೇರೆ ಊರಿಗೆ ಬಂದು ಹತ್ತಬೇಕಾಗಿದ್ದಿತು. ಶಿವಮೊಗ್ಗದಿಂದ ಹೊನ್ನಾಳಿಯ ಮೇಲೆ ಹರಿಹರಕ್ಕೆ ಕಂಬಿ ಹಾಸಬೇಕೆಂಬ ಮಾತು ಬಹುಕಾಲದಿಂದ ನಡೆದಿದೆ. ಮನವಿಗಳಿಗೆ ನಾನೂ ರುಜು ಹಾಕಿದ್ದೇನೆ, ಇನ್ನು ಮುಂದೆಯೂ ಹಾಕುವೆನು. ಆದರೆ ಮನವಿಯಲ್ಲಿ ಪ್ರಯಾಣಿಕರ ಗಾಡಿಯನ್ನಷ್ಟೇ ಕೇಳುವುದು ನನಗೆ ಸಾಲದೆಂದು ತೋರುತ್ತದೆ. ಚನ್ನಗಿರಿಯ ಅಡಕೆಯು ಇಂದು ಲಾರಿಯನ್ನೇರಿ ಉತ್ತರದೇಶಕ್ಕೆ ಹೋಗುತ್ತದೆ. ಅಡಕೆಗೆ ಷೆಡ್ಡಿಲ್ಲದೆ ಹುಡುಗರಿಗೆ ಮಾತ್ರ ಗಾಡಿಯಾದರೆ, ಆ ಗಾಡಿಯು ನಮ್ಮ ಹುಡುಗರನ್ನು ಬೆಂಗಳೂರಿಗೆ ಸಾಗಿಸುವುದೇ ಹೊರತು ನಮ್ಮ ಪೇಟೆಗೆ ಯಾರನ್ನೂ ತರಲಾರದು. ಇನ್ನೊಂದು ಸೂಚನೆಯನ್ನು ಸಂಘದ ಮುಂದಿಡುತ್ತೇನೆ. ದಾರಿಯ ಅಳತೆಯಾಗುವ ಮುನ್ನವೇ ಆ ಮಾರ್ಗದ ಹಳ್ಳಿಗಳಲ್ಲಿ ಹೊಲ, ಬಾವಿ, ಕಟ್ಟೆ, ಹಳ್ಳಗಳ ಹೆಸರುಗಳನ್ನು ನಮ್ಮವರು ಬರೆದಿಟ್ಟುಕೊಳ್ಳಬೇಕು. 1889ರಲ್ಲಿ ದಾವಣಗೆರೆಯ ಸುತ್ತ ಯಾರಾದರೂ ಹಾಗೆ ಬರೆದಿದ್ದರೆ, ಕೆರೆಯ ಹೆಸರನ್ನು ಕುರಿತು ನಾವು ಇಂದು ಜಗಳವಾಡಬೇಕಾಗಿರಲಿಲ್ಲ.

ಈ ಸೂಚನೆಗೆ ಮನೆಯ ಕಾರಣವೊಂದುಂಟು. ನನ್ನ ಮನೆಯಾಕೆಯ ತವರು ಈ ಕಂಬಿಯ ಪಕ್ಕದ ಒಂದು ಊರು. ಅವಳ ತಂದೆಯಿಂದ ಬಂದ ಎರಡು ಎಕರೆಯ ಹೊಲವು ರೈಲ್ವೆಯ ಬೇಲಿಗೆ ತಾಗಿದೆ. ಊರಿನವರು ಅದನ್ನು ಬೇವಿನಮರದ ಹೊಲವೆನ್ನುತ್ತಾರೆ. ಮರವು ಈಗಲೂ ಇದೆ, ಅದರ ಬುಡದಲ್ಲಿ ನಾಲ್ಕು ಕಲ್ಲುಗಳಿವೆ, ವರ್ಷಕ್ಕೊಮ್ಮೆ ಅವಕ್ಕೆ ಎಡೆಯಾಗುತ್ತದೆ. ಹೋದ ವರ್ಷ ಬಡಾವಣೆ ಮಾಡುವವರೊಬ್ಬರು ಆ ಹೊಲಕ್ಕೆ ಬೆಲೆ ಕಟ್ಟಿದರು. ನನ್ನ ಭಾವಮೈದುನನು ಅರುವತ್ತು ದಾಟಿದವನು, ಮಂಡಿನೋವಿನವನು. ಅವನ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಉಳುವವರಿಲ್ಲದ ಹೊಲವನ್ನು ಇಟ್ಟುಕೊಂಡು ಏನು ಮಾಡುವುದೆಂಬ ಅವರ ಪ್ರಶ್ನೆಯನ್ನು ಅನ್ಯಾಯವೆನ್ನಲು ನನಗೆ ಬಾಯಿಲ್ಲ.

2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಭಾಗವಿರುವುದರಿಂದ ಕ್ರಯಪತ್ರಕ್ಕೆ ಮನೆಯಾಕೆಯ ರುಜು ಬೇಕು. ಭಾವಮೈದುನನು ಕಾಗದಗಳನ್ನು ತೆಗೆದುಕೊಂಡು ಬಂದನು. ಅವಳು ತಮ್ಮನಿಗೆ ಕಾಫಿ ಕೊಟ್ಟು, ಮಕ್ಕಳ ಯೋಗಕ್ಷೇಮ ಕೇಳಿ, ಕಾಗದವನ್ನು ನನ್ನಿಂದ ಓದಿಸಿ ಕೇಳಿದಳು. ಚತುಸ್ಸೀಮೆಯ ವಿವರದಲ್ಲಿ ಪೂರ್ವಕ್ಕೆ ರೈಲ್ವೆ ಜಮೀನೆಂದಿದ್ದಿತು, ಪಶ್ಚಿಮಕ್ಕೆ ಒಬ್ಬರ ಹೊಲ, ಉತ್ತರಕ್ಕೆ ಬಂಡಿಜಾಡು, ದಕ್ಷಿಣಕ್ಕೆ ಹಳ್ಳ. “ಬೇವಿನಮರ ಎಲ್ಲಿ ಬರೆದಿದ್ದಾರೆ?” ಎಂದಳು. ಎಲ್ಲಿಯೂ ಬರೆದಿರಲಿಲ್ಲ.

“ಅಕ್ಕಾ, ಕ್ರಯಪತ್ರದಾಗೆ ಮರ ಬರಿಯಲ್ಲ, ಸರ್ವೆ ನಂಬರ್ ಬರೀತಾರೆ” ಎಂದನು ತಮ್ಮ.

“ಹೊಲ ನೀನು ಮಾರು, ನಾನು ಬ್ಯಾಡ ಅನ್ನಲ್ಲ. ನನ್ನ ಭಾಗದ ದುಡ್ಡೂ ನಿನ್ನ ಮಗನಿಗೇ ಇರಲಿ. ಆದರೆ ಮುಂದಿನ ವರ್ಷ ಎಡೆ ಹಿಡಕಂಡು ಬಂದಾಗ ಯಾರ ಕಾಂಪೌಂಡಿನ ಗೇಟು ಬಡೀಲಿ, ಅದನ್ನ ಹೇಳು” ಎಂದು ಅವಳು ಲೇಖನಿಯನ್ನು ಮುಚ್ಚಿಟ್ಟಳು.

ನಾನು ನಡುವೆ ಮಾತನಾಡಲಿಲ್ಲ. ಬಡಾವಣೆಯ ನಕ್ಷೆಯನ್ನು ಬಿಡಿಸಿ ನೋಡಿದೆನು. ಉದ್ಯಾನಕ್ಕೆಂದು ಬಿಟ್ಟ ಚೌಕವು ಹಳ್ಳದ ಕಡೆಯ ಮೂಲೆಯಲ್ಲಿದ್ದಿತು. ಬೇವಿನಮರದ ಸ್ಥಳವು ಹನ್ನೊಂದನೆಯ ಮತ್ತು ಹನ್ನೆರಡನೆಯ ನಿವೇಶನಗಳ ನಡುವಣ ಗೆರೆಯ ಮೇಲೆ ಬರುತ್ತಿದ್ದಿತು. ಉದ್ಯಾನವನ್ನು ಆ ಕಡೆಗೆ ಸರಿಸಿದರೆ ಕೊಳ್ಳುವವರಿಗೆ ಒಂದು ಅಡಿಯೂ ನಷ್ಟವಾಗದೆಂದು ಪೆನ್ಸಿಲಿನಿಂದ ಗುರುತು ಮಾಡಿ ಭಾವಮೈದುನನಿಗೆ ತೋರಿಸಿದೆನು. ಅವನು ಬಹಳ ಹೊತ್ತು ನೋಡಿ, “ಕೇಳಿ ನೋಡ್ತೀನಿ ಭಾವ, ಒಪ್ಪಿದರೆ ಹೊಸ ನಕ್ಷೆ ಮಾಡಿಸಿಕೊಂಡು ಬರ್ತೀನಿ” ಎಂದು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದನು. ಯುಗಾದಿಯೊಳಗೆ ತಿಳಿಸುತ್ತೇನೆಂದಿದ್ದಾನೆ. ನಕ್ಷೆಯು ಇನ್ನೂ ಬಂದಿಲ್ಲ. ಈ ಸಲದ ಎಡೆಯು ಮಾತ್ರ ಎಂದಿನಂತೆ ಬೇವಿನ ಬುಡದಲ್ಲಿಯೇ ನಡೆಯಿತು. ಅಷ್ಟುಹೊತ್ತಿಗೆ ಹುಬ್ಬಳ್ಳಿಯ ಕಡೆಯ ಗಾಡಿಯೊಂದು ಹಾದುಹೋದುದರಿಂದ ಮಂಗಳಾರತಿಯನ್ನು ಎರಡು ಸಲ ಹಚ್ಚಬೇಕಾಯಿತು.